ಓರ್ಲಿಂತಮ್ಮನ ಸರದಿ

ಭೀಮರಾಜನ ಹನ್ನೊಂದನೇ ದಿನದ ಊಟ ಮುಗಿದು, ಶಾಮಿಯಾನದವನು ಕಂಬ ಕಿತ್ತುಕೊಂಡು ಹೋದ ಮಾರನೆಯ ಬೆಳಿಗ್ಗೆ ಮನೆಯಲ್ಲಿ ಹಾಲಿರಲಿಲ್ಲ. ಅಷ್ಟು ದಿನವೂ ಯಾರೋ ತಂದಿದ್ದರು, ಯಾರೋ ಕಾಯಿಸಿದ್ದರು, ಯಾರೋ ಲೋಟ ಕೈಗಿಟ್ಟು ‘ಕುಡಿಯವ್ವ’ ಅಂದಿದ್ದರು. ಆ ಯಾರೋಗಳೆಲ್ಲ ನಿನ್ನೆ ಸಂಜೆ ಹೊರಟುಹೋಗಿದ್ದರು. ಅಲ್ಲಾಳಸಂದ್ರದ ಆ ಮನೆಯಲ್ಲಿ ಉಳಿದವರು ಮೂವರು: ಭೀಮರಾಜನ ಹೆಂಡತಿ ರಮಾ, ಅವನ ತಾಯಿ ಮುನಿಶಾಮಮ್ಮ, ಇನ್ನೂ ತೊಟ್ಟಿಲ ಶಾಸ್ತ್ರವಾಗದೆ ಸೀರೆಯ ಜೋಲಿಯಲ್ಲೇ ಮಲಗುವ ನಾಲ್ಕು ತಿಂಗಳ ಹೆಣ್ಣುಕೂಸು.

ರಮಾ ಹಾಲಿನ ಪಾತ್ರೆ ತೊಳೆದಳು. ಹಾಲೇ ಇಲ್ಲದ ಮೇಲೆ ಇದನ್ನೇಕೆ ತೊಳೆದೆ ಎಂದು ತೊಳೆದಾದ ಮೇಲೆ ಹೊಳೆಯಿತು. ಸಿಂಕಿನ ಮೇಲಿನ ಕಿಟಕಿಯಲ್ಲಿ, ಸೋಪಿನ ಪಕ್ಕ, ಹಸಿರು ಕಲ್ಲಿನ ದಾಳವೊಂದು ಕೂತಿತ್ತು. ಇಪ್ಪತ್ತು ಮುಖದ್ದು, ನೆಲ್ಲಿಕಾಯಿಯಷ್ಟು ದಪ್ಪ. ಭೀಮರಾಜ ಗೆಳೆಯ ಮುಬೀನನ ಹತ್ತಿರ ಅದನ್ನು ಎರಡು ದಿನಕ್ಕೆಂದು ಕೇಳಿ ತಂದು ಏಳು ತಿಂಗಳಾಗಿತ್ತು. ‘ಈ ಭಾನುವಾರ ಕೊಟ್ಬಿಡ್ತೀನಿ’ ಅನ್ನುತ್ತಲೇ ಇದ್ದ.

ವಾರದಲ್ಲಿ ಆರು ದಿನ ಅವನು ಅಪಾರ್ಟ್‌ಮೆಂಟುಗಳ ಎ.ಸಿ. ರಿಪೇರಿ ಮಾಡುತ್ತಿದ್ದ. ಏಳನೆಯ ದಿನ ಮಧ್ಯಾಹ್ನ ಆರ್.ಟಿ. ನಗರದಲ್ಲಿ ಮುಬೀನನ ಹಾಸಿಗೆ ಅಂಗಡಿಯ ಅಟ್ಟ ಹತ್ತುತ್ತಿದ್ದ. ಅಲ್ಲಿ ಹತ್ತಿಮೂಟೆಗಳ ನಡುವೆ ಗೆಳೆಯರು ಕೂತು ಕಥೆಯ ಆಟ ಆಡುತ್ತಿದ್ದರು. ಒಬ್ಬ ಕಥೆ ಹೇಳಬೇಕು, ಮಿಕ್ಕವರು ಅದರೊಳಗಿನ ಜನರಾಗಬೇಕು, ಕತ್ತಿ ತಗುಲಿತೋ ಸೇತುವೆ ಮುರಿಯಿತೋ ಎಂಬುದನ್ನು ದಾಳ ತೀರ್ಮಾನಿಸಬೇಕು. ಕಥೆ ಹೇಳುವವನು ಭೀಮರಾಜನೇ. ಮೂವತ್ತು ದಾಟಿದ ಗಂಡಸರು ರಾಜ್ಯ, ರಾಕ್ಷಸ ಎಂದು ಸಂಜೆತನಕ ಕೂಗಾಡುವುದನ್ನು ನೆನೆದರೆ ರಮಾಗೆ ನಗು. ಅವಳು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ., ಕಾಲೇಜಿನಲ್ಲಿ ಪಾಠ ಮಾಡುವವಳು. ಕುಡಿಯುವ ಚಟಕ್ಕಿಂತ ವಾಸಿ ಎಂದು ಸುಮ್ಮನಿದ್ದಳು.

ಸುಮ್ಮನಿರಲಾಗದ ಮಾತು ಬಂದದ್ದು ಅವಳು ಬಸುರಿಯಾದ ಆರನೇ ತಿಂಗಳಲ್ಲಿ. “ಹೆಣ್ಣಾದ್ರೆ ಓರ್ಲಿಂತಾ ಅಂತ ಇಡೋಣ ಕಣೆ” ಎಂದ.

“ಏನದು? ಟೈಲ್ಸ್ ಕಂಪನಿನಾ?”

“ನಮ್ಮಾಟದಲ್ಲಿ ಬರ್ತಾಳೆ. ಒಂದ್ಸಲ ಕೂತ್ಕೊ, ಯಾರು ಅಂತ ಹೇಳ್ತೀನಿ.”

ಅವಳು ಕೂರಲಿಲ್ಲ. “ನಿಧಿ ಅಂತ ಇಡೋಣ. ಎರಡಕ್ಷರ. ಯಾರೂ ಏನೂ ಕೇಳಲ್ಲ” ಎಂದಳು. ಮರುದಿನ ಅವನು ಮುಬೀನನ ದಾಳ ತಂದಿಟ್ಟ. ಹತ್ತರ ಮೇಲೆ ಬಿದ್ದರೆ ಅವನ ಹೆಸರು, ಇಲ್ಲದಿದ್ದರೆ ಅವಳದು. ರಮಾ ಕಾಲು ಚಾಚಿ ಕೂತು ಪೇಪರಿನ ಮೇಲೆ ಇನ್ನೂರು ಸಲ ಅದನ್ನು ಉರುಳಿಸಿ, ಒಂದೊಂದನ್ನೂ ಬರೆದುಕೊಂಡಳು. ದಾಳದಲ್ಲಿ ಮೋಸವೇನೂ ಕಾಣಲಿಲ್ಲ. “ಸರಿಯಾಗಿದೆ. ಆದ್ರೂ ಮಗಳ ಹೆಸರು ಕಲ್ಲು ಹೇಳೋದಲ್ಲ” ಎಂದು ಎತ್ತಿ ಕಿಟಕಿಯಲ್ಲಿಟ್ಟಳು. “ಇನ್ನೂರು ಸಲ ಆಡ್ಬಿಟ್ಟು ಆಡಲ್ಲ ಅಂತಾಳೆ ನೋಡಮ್ಮ” ಎಂದು ಅವನು ತಾಯಿಗೆ ದೂರು ಹೇಳಿದ. ಯಾತರ ಜಗಳವೆಂದು ತಾಯಿ ಕೇಳಲಿಲ್ಲ. ಗಂಡ ಹೆಂಡಿರದು ಎಂದು ಬಿಟ್ಟಳು.

ಮಗು ಹುಟ್ಟಿದ ಮೇಲೂ ಈ ಎಳೆದಾಟ ನಡೆದೇ ಇತ್ತು. ತೀರಿಹೋಗುವ ಹಿಂದಿನ ಸಂಜೆ ಅವನು ಕೂಸಿನ ಬಟ್ಟೆ ಮಡಿಸುತ್ತ, “ಸರಿ ಬಿಡು, ನಿಧಿನೇ ಇರ್ಲಿ. ಗೆದ್ದೆ ನೀನು” ಎಂದ. ಬೆಳಿಗ್ಗೆ ಎದೆ ಉರಿ ಅಂದವನು ಆಸ್ಪತ್ರೆ ಸೇರುವುದರೊಳಗೆ ಇರಲಿಲ್ಲ. ಹೀಗೆ ಗೆದ್ದ ವಾದವನ್ನು ಏನು ಮಾಡುವುದೆಂದು ರಮಾಗೆ ತಿಳಿದಿರಲಿಲ್ಲ.

ದಾಳವನ್ನು ಮುಟ್ಟದೆ, ಅದರ ಸುತ್ತ ಒರೆಸಿ, ಚೀಲ ಹಿಡಿದು ಹಾಲಿಗೆ ಹೊರಟಳು.

ಬೀದಿ ತಿರುವಿನ ಕಂಬಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ಯಾರದೋ ಮದುವೆಯಲ್ಲಿ ಬಾಯ್ತುಂಬ ನಕ್ಕ ಭೀಮರಾಜ, ಹಿಂದೆ ನೀಲಿ ಮೋಡಗಳು. ಹನ್ನೊಂದು ದಿನ ಹೊಸಿಲು ದಾಟದ ರಮಾ ಅದನ್ನು ನೋಡಿದ್ದು ಇದೇ ಮೊದಲು. ಬ್ಯಾಟರಾಯನಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಅವನ ಆಟದ ಗೆಳೆಯ ಸಿದ್ದು ಮಾಡಿಸಿದ್ದಿರಬೇಕು. ಕೆಳಗೆ ದುಃಖತಪ್ತರ ಸಾಲಿನಲ್ಲಿ ತಾಯಿ ಮುನಿಶಾಮಮ್ಮ, ಪತ್ನಿ ರಮಾ. ಆಮೇಲೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಪುತ್ರಿ ಓರ್ಲಿಂತಾ.

ಹಾಲಿನ ಬೂತಿನ ಬ್ಯಾಟರಾಯಪ್ಪ ಪ್ಯಾಕೆಟ್ಟು ಕೊಡುತ್ತ ಬಹಳ ಹೊತ್ತು ಮಾತಿಗೆ ತಡಕಾಡಿದ. ಸಾವಿನ ಮಾತು ಎತ್ತಲಾರದೆ ಕೊನೆಗೆ, “ಓರ್ಲಿಂತಮ್ಮ ಚೆನ್ನಾಗವ್ಳಾ?” ಎಂದ.

ರಮಾಗೆ ಅರೆಗಳಿಗೆ ಯಾರೆಂದೇ ತಿಳಿಯಲಿಲ್ಲ. ಆಮೇಲೆ ತಲೆಯಾಡಿಸಿದಳು.

“ಎಸ್ರು ಚೆನ್ನಾಗೈತೆ. ಯಾವ್ ದೇವ್ರುದಮ್ಮಾ?”

“ಯಾವ ದೇವರದೂ ಅಲ್ಲ.”

“ಓಗ್ಲಿ ಬುಡಿ. ಇಟ್ಮೇಲೆ ದೇವ್ರೂ ಅಭ್ಯಾಸ ಮಾಡ್ಕೊತಾನೆ.”

ಆ ವಾರವೆಲ್ಲ ಆ ಹೆಸರು ಬೀದಿಯಲ್ಲಿ ಓಡಾಡಿತು. ಲಸಿಕೆ ಹಾಕುವ ಸಿಸ್ಟರ್ ಕಾರ್ಡಿನಲ್ಲಿ ‘ರಮಾ ಅವರ ಮಗು’ ಎಂದಿದ್ದುದರ ಮೇಲೆ ಪೆನ್ನು ಹಿಡಿದು, “ಬೋರ್ಡಲ್ಲಿ ನೋಡ್ದೆ. ಬರೆದ್ಬಿಡ್ಲಾ? ಸ್ಪೆಲಿಂಗ್ ಮಾತ್ರ ನೀವೇ ಹೇಳ್ಬೇಕು” ಎಂದಳು. ಈಗ ಬೇಡವೆಂದು ರಮಾ ಕಾರ್ಡು ತೆಗೆದುಕೊಂಡಳು. ಹೂವಿನವಳು ನೀವು ಚರ್ಚಿಗೆ ಹೋಗುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಮಹಡಿಯ ಬಾಡಿಗೆಮನೆಯ ಯಶೋಧಾ ಒಣಗಿದ ಬಟ್ಟೆ ಕೊಡುವ ನೆಪದಲ್ಲಿ ಕೆಳಗಿಳಿದು ಬಂದು ನಿಂತಳು.

“ಏನೂ ಅನ್ಕೋಬೇಡಿ ರಮಾ. ಆ ಕಡೆ ಮನೆಯೋರು ಅಂತಿದ್ರು, ನಾನಲ್ಲ. ಭೀಮರಾಜ್ ಅವ್ರಿಗೆ ಓದೋವಾಗ ಆ ಹೆಸರಿನೋರು ಯಾರಾದ್ರೂ ಇದ್ರಾ ಅಂತ.”

“ಗೊತ್ತಿಲ್ಲ” ಎಂದಳು ರಮಾ. ನಿಜವಾಗಿಯೂ ಗೊತ್ತಿರಲಿಲ್ಲ. ಹೇಳುತ್ತೇನೆ ಕೂತ್ಕೊ ಅಂದವನ ಮುಂದೆ ಅವಳು ಕೂತಿರಲೇ ಇಲ್ಲವಲ್ಲ. ಅಷ್ಟು ದಿನ ಏನೂ ನಾಟದ ಮನಸ್ಸಿಗೆ ಆ ಒಂದು ಮಾತು ಮುಳ್ಳಿನಂತೆ ನಾಟಿಕೊಂಡಿತು.

ಅತ್ತೆಯ ಕಿವಿಗೆ ವಿಷಯ ಬಿದ್ದದ್ದು ಶುಕ್ರವಾರ. ಮುನಿಶಾಮಮ್ಮ ಸಣ್ಣ ಆಳಲ್ಲ. ಅಲ್ಲಾಳಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಅವಳ ಮಾವ ಕೆರೆಯ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಲೆಕ್ಕವಿಟ್ಟು ತೂಬು ಎತ್ತಿ ಇಳಿಸುವ ಕೆಲಸ. ಗದ್ದೆಗಳ ಮೇಲೆ ಮನೆಗಳೆದ್ದವು, ತೂಬು ಮುಚ್ಚಿತು. ಗತ್ತು ಮಾತ್ರ ಸೊಸೆ ಮುನಿಶಾಮಮ್ಮನಿಗೆ ಬಂದಿತ್ತು. ಬೋರ್‌ವೆಲ್ ಬತ್ತಿ ಬೀದಿಗೆ ಟ್ಯಾಂಕರ್ ಬರುತ್ತಿದ್ದ ಬೇಸಿಗೆಯಲ್ಲಿ ಅಷ್ಟೂ ಮನೆಯ ಬಿಂದಿಗೆಗಳನ್ನು ಸಾಲಿಗೆ ನಿಲ್ಲಿಸಿದವಳು ಅವಳೇ.

ಆ ಶುಕ್ರವಾರ ಕಂಬದ ಬಳಿ ಹೋಗಿ, ಅಕ್ಷರ ಅಕ್ಷರವಾಗಿ ಓದಿಕೊಂಡು ಬಂದು, ಜೋಲಿಯ ಪಕ್ಕ ಕುಸಿದು ಕೂತಳು.

“ತೊಟ್ಲಿಗಿಂತ ಮುಂಚೆ ಸಾವಿನ್ ಬೋರ್ಡಿಗೆ ಅತ್ತಿಸ್ಬುಟ್ಟವ್ರಲ್ಲವ್ವಾ ಕೂಸಿನ್ ಎಸ್ರ. ಯಾರ್ ಮಾಡಿದ್ದು ಈ ಕೆಲ್ಸವ?”

ರಮಾ ಹೇಳಿದಳು: ಸಿದ್ದು ಮಾಡಿಸಿದ್ದಿರಬೇಕು, ಹೆಸರು ನಿಮ್ಮ ಮಗನದು, ನಾನು ಒಪ್ಪಿರಲಿಲ್ಲ.

“ಒಪ್ದೇ ಇದ್ದಿದ್ದೇ ಒಳ್ಳೇದಾಯ್ತು. ಆ ಎಸ್ರು ಸುಟ್ಟೋಯ್ತು ಅನ್ಕೊ. ನಮ್ಮ ಮುನೇಶ್ವರನ ಎಸ್ರಾಗೆ ಮುನಿಲಕ್ಷ್ಮಿ ಅಂತಿಡಾನ. ಇಲ್ಲಾ ನಿಂದೇನೋ ಇತ್ತಲ್ಲ, ನಿಧೀನೋ ಪದೀನೋ, ಅದೇ ಇಡು. ಇದೊಂದ್ ಬ್ಯಾಡ.”

ಈಗ ರಮಾಗೆ ಎದುರಾಳಿಯೇ ಇರಲಿಲ್ಲ. ನಿಧಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ನೋಡೋಣ ಅತ್ತೆ” ಎಂದು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ಮುನಿಶಾಮಮ್ಮ ಫೋನಿನಲ್ಲಿ ಏನೆಂದಳೋ, ಭಾನುವಾರ ಮಧ್ಯಾಹ್ನ, ಆಟದ ಹೊತ್ತಿಗೆ ಸರಿಯಾಗಿ, ಸಿದ್ದು ಮತ್ತು ಮುಬೀನ್ ಏಣಿ ಹೊತ್ತು ತಿರುವಿನಲ್ಲಿ ಹಾಜರಾದರು. ಫ್ಲೆಕ್ಸಿನಲ್ಲಿ ತಪ್ಪಾದರೆ ಹೊಸದು ಮಾಡಿಸುವುದಿಲ್ಲ, ಸರಿಯಾದ ಪದದ ಪಟ್ಟಿಯೊಂದನ್ನು ಪ್ರಿಂಟ್ ತೆಗೆದು ಮೇಲೆ ಅಂಟಿಸುತ್ತಾರೆ. ಸಿದ್ದು ಎರಡು ಪಟ್ಟಿ ತಂದಿದ್ದ, ಒಂದರಲ್ಲಿ ಮುನಿಲಕ್ಷ್ಮಿ, ಇನ್ನೊಂದರಲ್ಲಿ ನಿಧಿ. ಯಾವುದು ಎಂಬುದನ್ನು ಅತ್ತಿಗೆಯೇ ಹೇಳಲಿ ಎಂದ. ರಮಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತೆಯ ಹಿಂದೆ ನಿಂತಿದ್ದಳು.

“ತಪ್ಪಾಯ್ತಮ್ಮ” ಎಂದ ಸಿದ್ದು ಏಣಿಯ ಮೇಲಿಂದ. “ಇನ್ನೂ ಇಟ್ಟಿಲ್ಲ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಅವನು ಬಂದ್ರೆ ಸಾಕು, ಓರ್ಲಿಂತಾ ಇವತ್ತು ನಕ್ಕಳು ಮಗಾ, ಓರ್ಲಿಂತಾ ಮಗ್ಗುಲಾದಳು ಮಗಾ, ಇದೇ ಆಗಿತ್ತು.”

“ಕೇಳ್ಬಾರ್ದಾಗಿತ್ತಾ ಒಂದ್ ಮಾತ?”

“ಅವತ್ತು ಯಾರನ್ನ ಕೇಳೋದಮ್ಮಾ?”

ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡಳು. ಮನೆಯಲ್ಲಿ ಕೂಸು ಎಂದೇ ಕರೆಯುತ್ತಿದ್ದವನು ಆರ್.ಟಿ. ನಗರಕ್ಕೆ ಹೋಗಿ ಮಗಳ ಹೆಸರು ಕರೆಯುತ್ತಿದ್ದ ಎಂಬುದನ್ನು ರಮಾ ಮನಸ್ಸಿನಲ್ಲಿ ಒಮ್ಮೆ ಹೊರಳಿಸಿ ನೋಡಿದಳು.

“ಅದಿರ್ಲಿ” ಎಂದಳು ಮುನಿಶಾಮಮ್ಮ, ದನಿ ತಗ್ಗಿಸಿ. ಅವಳ ತಗ್ಗಿದ ದನಿ ಹಾಲಿನ ಬೂತಿಗೂ ಕೇಳುತ್ತಿತ್ತು. “ಯಾವಳ್ಲಾ ಅವ್ಳು ಓರ್ಲಿಂತಿ? ಸತ್ಯ ಬೊಗಳ್ರಿ. ಬೀದಿನಾಗೆ ಏನೇನೋ ಅಂತಾವ್ರೆ. ನನ್ ಸೊಸೆ ಇಲ್ಲೇ ಅವ್ಳೆ, ಅವ್ಳಿಗೂ ಕೇಳ್ಲಿ.”

ಸಿದ್ದು ಮುಬೀನನ ಮುಖ ನೋಡಿದ. ಮುಬೀನ್ ಏಣಿಯ ಕಾಲು ಹಿಡಿದುಕೊಂಡೇ, “ನೀನೇ ಹೇಳು ಗುರು” ಎಂದ.

“ನೀನ್ ಹೇಳೋ. ನಾನ್ ಮೇಲಿದ್ದೀನಿ, ಅಮ್ಮ ಏಣಿ ಒದ್ದುಬಿಟ್ರೆ?”

ಮುಬೀನ್ ಗಂಟಲು ಸರಿಪಡಿಸಿಕೊಂಡು ರಮಾಳ ಕಡೆ ತಿರುಗಿದ. “ಭಾಬಿ, ಹುಡುಗಿ ಗಿಡುಗಿ ಯಾರೂ ಇಲ್ಲ. ಆಟದಲ್ಲಿ ಒಂದು ಕೆರೆ ಇದೆ. ಏಳು ರಾಜ್ಯಕ್ಕೆ ಅದೊಂದೇ ನೀರು. ಅದರ ತೂಬು ಕಾಯೋದು ಓರ್ಲಿಂತಾ. ವಯಸ್ಸಾದೋಳು. ರಾಜ ಬಂದ್ರೂ ಸಾಲಲ್ಲಿ ನಿಲ್ಲಿಸ್ತಾಳೆ. ಬೆಂಕಿ ಉಗುಳೋ ಡ್ರ್ಯಾಗನ್ ಒಂದು ನೀರು ಕುಡಿಯಕ್ಕೆ ಬಂತು, ಅದನ್ನೂ ನಿಲ್ಲಿಸಿದಾಳೆ. ಆರು ವರ್ಷದಿಂದ ನಮಗೆ ಆ ಕೆರೆ ದಾಟಕ್ಕಾಗಿಲ್ಲ.”

“ಮುದ್ಕಿನಾ?” ಎಂದಳು ಮುನಿಶಾಮಮ್ಮ.

“ಮುದುಕಿ ಅಂದ್ರೆ, ಗಟ್ಟಿ ಮುದುಕಿ.”

ಆಗ ಸಿದ್ದು ಏಣಿಯ ಮೇಲೆಯೇ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಲ್ಲ ಎತ್ತಿ, ಎಡಗೈಯನ್ನು ಮುಂದೆ ಚಾಚಿದ. ಆಟದಲ್ಲಿ ಭೀಮರಾಜ ಹೇಳುತ್ತಿದ್ದ ಹಾಗೆಯೇ ಹೇಳಿದ: “ರೆಕ್ಕೆ ಐತೆ ಅಂತ ಮೆರೀಬ್ಯಾಡ. ಸರದಿ ಬಂದಾಗ ಬಾ. ನಿಮ್ಮಪ್ಪ ಬಂದ್ರೂ ಅಷ್ಟೇಯ.”

ಮೊದಲು ನಕ್ಕವನು ಬೂತಿನ ಬ್ಯಾಟರಾಯಪ್ಪ. ಟ್ಯಾಂಕರಿನ ದಿನಗಳಲ್ಲಿ ಈ ಮಾತನ್ನು ಬೀದಿಯವರೆಲ್ಲ ಕೇಳಿದ್ದರು. ಕಾರು ಐತೆ ಅಂತ ಮೆರೀಬ್ಯಾಡ, ಮೂರಂತಸ್ತು ಐತೆ ಅಂತ ಮೆರೀಬ್ಯಾಡ. ಮಹಡಿಯಲ್ಲಿ ಯಶೋಧಾ ಬಾಯಿಗೆ ಕೈ ಅಡ್ಡ ಹಿಡಿದಳು. ಕೊನೆಗೆ ಅರ್ಥವಾದದ್ದು ಮುನಿಶಾಮಮ್ಮನಿಗೆ.

“ನಾನಾ?” ಎಂದಳು.

“ನಿಮ್ಮ ಹೆಸರೇ ಇಡ್ಬೇಕು ಅಂತಿದ್ದ ಅಮ್ಮಾ. ನೀವು ಬೈದ್ರಂತೆ.”

ಬೈದದ್ದು ನಿಜ, ಅದು ರಮಾಗೂ ನೆನಪಿತ್ತು. ಬಸುರಿಯ ಊಟದ ದಿನ ಅವನು ತಮಾಷೆಗೆ ಎಂಬಂತೆ, ಹೆಣ್ಣಾದರೆ ನಿನ್ನ ಹೆಸರಿಡಲಾ ಎಂದು ತಾಯಿಯನ್ನು ಕೇಳಿದ್ದ. ಬದುಕಿರುವ ಹಿರಿಯರ ಹೆಸರನ್ನು ಆ ಮನೆಯಲ್ಲಿ ಮಕ್ಕಳಿಗೆ ಇಡುವುದಿಲ್ಲ. ‘ನಾನಿನ್ನೂ ಬದ್ಕಿವ್ನಿ ಕಣ್ಲಾ. ನಾಳೆ ನಿನ್ನೆಡ್ತಿ ಮಗೀನ್ ಬೈಯೋ ನೆಪದಾಗೆ ನನ್ನೇ ಬೈತಾಳೆ’ ಎಂದು ಅವಳು ಸೌಟು ತೋರಿಸಿದ್ದಳು. ಎಲ್ಲರೂ ನಕ್ಕಿದ್ದರು, ಅವನೂ.

“ಅಮ್ಮನ ಹೆಸರಿಡಂಗಿಲ್ಲ ಅಂತಾರೆ, ಅದಕ್ಕೆ ಅಮ್ಮನ್ನೇ ಇಟ್ಬಿಡ್ತೀನಿ ಅಂದ” ಎಂದ ಮುಬೀನ್. “ಹೆಸರು ಬೇರೆ ಆದ್ರೆ ಶಾಸ್ತ್ರಕ್ಕೆ ಗೊತ್ತಾಗಲ್ಲ ಅಂತ.”

ಮುನಿಶಾಮಮ್ಮ ಫ್ಲೆಕ್ಸಿನ ಮೇಲೆ ನಗುತ್ತಿದ್ದ ಮಗನನ್ನು ನೋಡಿದಳು. ಹನ್ನೊಂದು ದಿನ ಎದೆ ಬಡಿದುಕೊಂಡು ಅತ್ತವಳು ಈಗ ಅಳಲಿಲ್ಲ. “ಕಳ್ನನ್ಮಗ” ಎಂದಳು, ಮೆಲ್ಲಗೆ. ಆಮೇಲೆ, “ಆ ರೆಕ್ಕೆ ಆವು ಕಡೀಗೆ ನೀರ್ ಕುಡೀತಾ?” ಎಂದು ಕೇಳಿದಳು.

“ಇಲ್ಲಮ್ಮ. ಸರದೀಲೇ ನಿಂತಿದೆ. ಆಟ ಅಲ್ಲಿಗೇ ನಿಂತೋಯ್ತು.”

“ಪಾಪ.”

ಬಿಸಿಲು ಜೋರಾಗಿತ್ತು. ಸಿದ್ದು ಎರಡು ಕೈಯಲ್ಲಿ ಎರಡು ಪಟ್ಟಿ ಹಿಡಿದು ಮೇಲೆಯೇ ನಿಂತಿದ್ದ. ಮುನಿಶಾಮಮ್ಮ ಸೊಸೆಯ ಕಡೆ ತಿರುಗಿದಳು.

“ಇದೇ ಇಡು ಅಂತ ನಾನನ್ನಕಿಲ್ಲ ಕಣವ್ವ. ಬ್ಯಾಡ ಅಂತಾನೂ ಇನ್ಮೇಲೆ ಅನ್ನಕಿಲ್ಲ. ಸ್ಕೂಲ್ನಾಗೆ, ಆಪೀಸ್ನಾಗೆ, ಜನ್ಮಪೂರ್ತಿ ಎಲ್ರೂ ಕೇಳೋದು ನಿನ್ನ. ನೀನ್ ಒಪ್ಪಿರ್ಲಿಲ್ಲ. ನೀನೇನಂತೀಯ?”

ಕೂಸು ರಮಾಳ ಹೆಗಲ ಮೇಲೆ ಎದ್ದು ಏಣಿಯನ್ನು ನೋಡುತ್ತಿತ್ತು. ಅದಕ್ಕೆ ಅತ್ತೆಯದೇ ಗಲ್ಲ. ಅದನ್ನು ಅವಳು ನಾಲ್ಕು ತಿಂಗಳಿಂದ ನೋಡಿಯೇ ಇದ್ದಳು. ಶಾಲೆಯ ಮೊದಲ ದಿನ ಹಾಜರಿ ಕೂಗುವ ಟೀಚರು ತಡವರಿಸುವುದು ಕಣ್ಣಿಗೆ ಕಟ್ಟಿತು. ಏನಮ್ಮಾ ಇದು, ಹೀಗಂದ್ರೆ ಏನು ಎಂದು ಕೇಳುತ್ತಾರೆ. ಪ್ರತಿ ಸಲವೂ ಕೇಳುತ್ತಾರೆ. ಪ್ರತಿ ಸಲವೂ ಇವಳು ಹೇಳಬೇಕಾಗುತ್ತದೆ: ಒಂದು ಕೆರೆ ಇತ್ತು, ಅದನ್ನು ಕಾಯುವ ಅಜ್ಜಿಯೊಬ್ಬಳಿದ್ದಳು, ಆ ಕಥೆ ಹೇಳುತ್ತಿದ್ದವನು ನಮ್ಮಪ್ಪ ಎಂದು. ಅವನ ಸುದ್ದಿ ಎತ್ತಲು ಯಾರೂ ಹಿಂಜರಿಯುವ ಹಾಗೇ ಇಲ್ಲ. ನಿಧಿ ಎಂದಿಟ್ಟರೆ ಯಾರೂ ಏನೂ ಕೇಳುವುದಿಲ್ಲ.

“ಪಟ್ಟಿ ಅಂಟಿಸಬೇಡಿ ಸಿದ್ದು” ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿ ಅವಳಿಗೇ ಕೇಳಿಸಿತು. “ಬೋರ್ಡ್ ಪೂರ್ತಿ ಇಳಿಸಿಬಿಡಿ. ಹೆಸರನ್ನ ತೊಟ್ಟಿಲಲ್ಲಿ ಇಡೋಣ.”

“ಅದೇ ಹೆಸರಾ ಅತ್ತಿಗೆ?”

“ಅದೇ.”

ಮುನಿಶಾಮಮ್ಮ ಕೂಸನ್ನು ಎತ್ತಿಕೊಂಡು ಗಲ್ಲ ಹಿಡಿದು ಅಲ್ಲಾಡಿಸಿದಳು. “ಇವ್ಳ್ನಾದ್ರೆ ಬೈಬೋದು ಬುಡು” ಎಂದಳು.

ಐದನೇ ತಿಂಗಳು ತುಂಬಿದ ಭಾನುವಾರ ತೊಟ್ಟಿಲ ಶಾಸ್ತ್ರ. ಊಟ ದೊಡ್ಡದಿರಲಿಲ್ಲ, ಬಂದವರು ಬೀದಿಯವರೇ. ಯಶೋಧಾ ತನ್ನ ಮಕ್ಕಳ ತೊಟ್ಟಿಲನ್ನು ಮಹಡಿಯಿಂದ ಇಳಿಸಿ ಹೂ ಸುತ್ತಿದ್ದಳು. ಎಲ್ಲ ಸಿದ್ಧವಾದ ಮೇಲೆ ಗುಂಡುಕಲ್ಲು ಎಲ್ಲಿ ಎಂದು ಯಾರೋ ಕೇಳಿದರು. ಕಲ್ಲಿನ ಹಾಗೆ ಮಗು ಗಟ್ಟಿಯಾಗಿರಲಿ ಎಂದು ಕೂಸಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಬೇಕು. ಮನೆ ಮುರಿದು ಕಟ್ಟಿಸುವಾಗ ಒರಳೇ ಹೋಗಿತ್ತು. ಬೀದಿಯಲ್ಲಿ ವಿಚಾರಿಸಿದರೆ ಎಲ್ಲರ ಮನೆಯಲ್ಲೂ ಮಿಕ್ಸಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ರಮಾ ಅಡುಗೆಮನೆಗೆ ಹೋಗಿ, ಕಿಟಕಿಯಿಂದ ದಾಳ ತಂದು ಅತ್ತೆಯ ಕೈಗಿಟ್ಟಳು.

ಮುನಿಶಾಮಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಹಲ್ಲಿಗೆ ತಾಗಿಸಿ ನೋಡಿದಳು. “ಕಲ್ಲೇಯ” ಎಂದಳು. “ಮುಖ ಒಸಿ ಜಾಸ್ತಿ ಅಷ್ಟೇ.” ಅರಿಶಿನ ಬಳಿದು, ಕುಂಕುಮ ಇಟ್ಟು, ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಬಾಗಿಲ ಬಳಿ ನಿಂತಿದ್ದ ಮುಬೀನ್ ಏನೋ ಹೇಳಲು ಬಾಯಿ ತೆರೆದವನು ಸಿದ್ದು ತಿವಿದ ಮೇಲೆ ಮುಚ್ಚಿದ. ಹೆಂಗಸರು ಹಾಡು ಹೇಳಿ ಇಪ್ಪತ್ತು ಮುಖದ ಕೂಸನ್ನು ಮೂರು ಸಲ ತೂಗಿದರು.

ನಿಜವಾದ ಕೂಸನ್ನು ಮಲಗಿಸುವ ಹೊತ್ತಿಗೆ ನೆಂಟರ ಅಜ್ಜಿಯೊಬ್ಬಳು, ಮುತ್ತೈದೆ ಯಾರಾದರೂ ಎತ್ತಿಕೊಳ್ಳಲಿ ಎಂದು ಗೊಣಗಿದಳು. ರಮಾ ಎರಡು ಹೆಜ್ಜೆ ಹಿಂದೆ ಸರಿದಳು.

“ಎತ್ತವ್ಳು ಅವ್ಳು” ಎಂದಳು ಮುನಿಶಾಮಮ್ಮ ಎಡಗೈ ಚಾಚಿ. “ಸರದಿ ಅವ್ಳುದು.”

ರಮಾ ಕೂಸನ್ನು ಮಲಗಿಸಿ, ಬಗ್ಗಿ, ಅದರ ಬಲಗಿವಿಯಲ್ಲಿ ಹೆಸರನ್ನು ಮೂರು ಸಲ ಹೇಳಿದಳು. ಬಾಯಿಬಿಟ್ಟು ಅವಳು ಅದನ್ನು ಹೇಳಿದ್ದು ಅದೇ ಮೊದಲು. ಎರಡನೆಯ ಸಲಕ್ಕೇ ನಾಲಿಗೆಗೆ ಸಲೀಸಾಯಿತು.

ಊಟ ಮುಗಿಸಿ ಗೆಳೆಯರಿಬ್ಬರೂ ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಹೊರಗೆ ಬಂದಳು. ದಾಳವನ್ನು ತೊಳೆದಿದ್ದಳು. ಕೊರೆದ ಅಂಕಿಗಳೊಳಗೆ ಕುಂಕುಮ ಉಳಿದುಕೊಂಡಿತ್ತು, ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

“ಮುಬೀನ್, ಇದು ನಿಮ್ಮದು. ಎರಡು ದಿನಕ್ಕೆ ಅಂತ ತಂದಿದ್ರು.”

“ಅಯ್ಯೋ, ಇರ್ಲಿ ಬಿಡಿ ಭಾಬಿ. ಮಗಳಿಗೆ ಇಟ್ಕೊಳಿ. ನಾವೇನ್ ಮಾಡ್ತೀವಿ ಇನ್ನು.”

“ತಗೊಳಿ” ಎಂದು ರಮಾ ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. “ಅಲ್ಲಿ ಪಾಪ ಆ ರೆಕ್ಕೆ ಹಾವು ಬಾಯಾರಿ ನಿಂತಿದೆಯಂತೆ.”